ಕಪ್ಪುಕುಳಿಯ ಮಂದ್ರ ಸ್ವರ: ದೂರದರ್ಶಕದ ಚಿತ್ರಗಳಿಗೆ ದನಿ ಬಂದ ಕಥೆ

ಈ ಸಲದ ಮಾತು ಆಕಾಶದ್ದೇ, ಆದರೆ ಕಿವಿಯಿಂದ ಶುರುವಾಗುತ್ತೆ. ವಿಡಿಯೋದಲ್ಲಿ ಸಮಯ ನೋಡಿಕೊಂಡು ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

2022ರ ಆಗಸ್ಟ್‌ನಲ್ಲಿ ನಾಸಾದವರು ಟ್ವಿಟರ್‌ನಲ್ಲಿ ಅರ್ಧ ನಿಮಿಷದ ಒಂದು ತುಣುಕು ಹಾಕಿದರು. ಪರ್ಸಿಯಸ್ ಅನ್ನೋ ಗೆಲಾಕ್ಸಿಗಳ ಗುಂಪಿನ ನಡುವೆ ಒಂದು ದೈತ್ಯ ಕಪ್ಪುಕುಳಿ ಇದೆ, ಅದರ ದನಿ ಇದು ಅಂತ. ಕೇಳಿದರೆ ಎದೆ ಝಲ್ ಅನ್ನುತ್ತೆ. ಆಳವಾದ ಬಾವಿಯೊಳಗೆ ಯಾರೋ ಉದ್ದಕ್ಕೆ ನರಳಿದ ಹಾಗೆ. ತುಣುಕು ಕೋಟ್ಯಂತರ ಫೋನ್ ಸುತ್ತಿತು, ನಮ್ಮ ಮುಂಬೈ, ಪುಣೆ, ಹೈದರಾಬಾದಿನ ಕನ್ನಡ ಗುಂಪುಗಳಿಗೂ ಬಂತು. ಬಂದ ಕೂಡಲೇ ಎರಡು ಪಂಗಡ ಆಯ್ತು. ಒಬ್ಬರು ಕೈ ಮುಗಿಯುವ ಗುರುತು ಹಾಕಿ ‘ಬ್ರಹ್ಮಾಂಡದ ನಾದ’ ಅಂದರು. ಇನ್ನೊಬ್ಬರು, ಇಂಜಿನಿಯರು ಇರಬೇಕು, ‘ಅಂತರಿಕ್ಷದಲ್ಲಿ ಗಾಳಿಯೇ ಇಲ್ಲ, ಸದ್ದು ಎಲ್ಲಿಂದ ಬರುತ್ತೆ, ಎಲ್ಲಾ ಕಂಪ್ಯೂಟರ್ ಆಟ’ ಅಂದರು.

ನನ್ನ ಪ್ರಕಾರ ಇಬ್ಬರ ಮಾತೂ ಸರಿಯಲ್ಲ. ಸರಿ ಯಾವುದು ಅಂತ ಹೇಳೋಕೆ ಸುಮಾರು ನಾನೂರು ವರ್ಷ ಹಿಂದಕ್ಕೆ ಹೋಗಬೇಕು.

ಗ್ರಹಗಳಿಗೂ ಸ್ವರಗಳಿಗೂ ನಂಟಿದೆ ಅನ್ನೋ ಕಲ್ಪನೆ ಗ್ರೀಸಿನ ಪೈಥಾಗರಸ್ ಪಂಥದವರ ಕಾಲದ್ದು. ಆದರೆ ಅದನ್ನು ಲೆಕ್ಕಕ್ಕೆ ಇಳಿಸಿದವನು ಯೊಹಾನೆಸ್ ಕೆಪ್ಲರ್. 1619ರಲ್ಲಿ ‘ಹಾರ್ಮೋನಿಕೆಸ್ ಮುಂಡಿ’, ಅಂದ್ರೆ ಜಗತ್ತಿನ ಸಾಮರಸ್ಯ, ಅನ್ನೋ ಪುಸ್ತಕ ತಂದ. ಗ್ರಹ ಸೂರ್ಯನ ಹತ್ತಿರ ಬಂದಾಗ ಬೇಗ ಓಡುತ್ತೆ, ದೂರ ಹೋದಾಗ ನಿಧಾನ ಆಗುತ್ತೆ ಅಂತ ಅವನಿಗೆ ಗೊತ್ತಿತ್ತು, ಅದನ್ನು ಕಂಡುಹಿಡಿದವನೇ ಅವನು. ಆ ಎರಡು ವೇಗಗಳನ್ನು ಎರಡು ಸ್ವರ ಅಂತ ಇಟ್ಟುಕೊಂಡರೆ? ಶನಿಗೆ ಬಂದ ಅನುಪಾತ 4ಕ್ಕೆ 5. ಅಂದರೆ ನಮ್ಮ ಷಡ್ಜದಿಂದ ಅಂತರ ಗಾಂಧಾರಕ್ಕೆ ಇರುವ ದೂರ. ಭೂಮಿಗೆ 15ಕ್ಕೆ 16, ಅಂದರೆ ಷಡ್ಜದಿಂದ ಶುದ್ಧ ರಿಷಭ, ಅಷ್ಟೇ. ಶುಕ್ರನಂತೂ ಹೆಚ್ಚುಕಡಿಮೆ ಒಂದೇ ಸ್ವರಕ್ಕೆ ಅಂಟಿಕೊಂಡು ಕೂತವನು, ಯಾಕಂದ್ರೆ ಅವನ ದಾರಿ ಬಹುತೇಕ ವೃತ್ತ. ಬುಧ ಒಂದು ಸ್ಥಾಯಿಯನ್ನೂ ದಾಟಿ ಓಡಾಡುತ್ತಾನೆ. ಇದನ್ನೆಲ್ಲ ಕೆಪ್ಲರ್ ಪಾಶ್ಚಾತ್ಯ ಸಂಗೀತ ಲಿಪಿಯಲ್ಲಿ, ಐದು ಗೆರೆ ಎಳೆದು, ಬರೆದೇ ಅಚ್ಚು ಹಾಕಿಸಿದ.

ಈ ಸಂಗೀತ ಕಿವಿಗೆ ಕೇಳಿಸೋದಿಲ್ಲ, ಬುದ್ಧಿಗೆ ಮಾತ್ರ ಕೇಳಿಸುತ್ತೆ ಅಂತ ಅವನೇ ಸ್ಪಷ್ಟವಾಗಿ ಹೇಳಿದ್ದಾನೆ. ಗ್ರಹ ಹಾಡುತ್ತಿದೆ ಅಂತ ಅವನು ಯಾರನ್ನೂ ನಂಬಿಸೋಕೆ ಹೋಗಲಿಲ್ಲ. ವೇಗವನ್ನು ಸ್ವರಕ್ಕೆ ಬದಲಾಯಿಸುವ ನಿಯಮ ಇದು, ಬದಲಾಯಿಸಿ ನೋಡಿ ಅಂದ, ಅಷ್ಟೆ. ಇವತ್ತು ಶಾಲೆಯಲ್ಲಿ ಓದುವ ಕೆಪ್ಲರನ ಮೂರನೇ ನಿಯಮ, ಗ್ರಹದ ವರ್ಷಕ್ಕೂ ಸೂರ್ಯನಿಂದ ಅದರ ದೂರಕ್ಕೂ ಇರುವ ಸಂಬಂಧ, ಮೊದಲು ಅಚ್ಚಾಗಿದ್ದು ಇದೇ ಸಂಗೀತದ ಪುಸ್ತಕದಲ್ಲಿ. ಪಠ್ಯಪುಸ್ತಕಗಳು ನಿಯಮವನ್ನು ಇಟ್ಟುಕೊಂಡು ಹಾಡನ್ನು ಬಿಟ್ಟುಬಿಟ್ಟವು.

ನಡುವೆ ಒಬ್ಬನ ಹೆಸರು ಹೇಳಿ ಮುಂದೆ ಹೋಗ್ತೀನಿ. ಇಂಗ್ಲೆಂಡಿನ ಬಾತ್ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸಿ, ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ ವಿಲಿಯಂ ಹರ್ಶೆಲ್. 1781ರ ಮಾರ್ಚ್ 13ರಂದು ತಾನೇ ಉಜ್ಜಿ ಮಾಡಿದ ಕನ್ನಡಿಯ ದೂರದರ್ಶಕದಲ್ಲಿ ಯುರೇನಸ್ ಕಂಡ. ತಂಗಿ ಕ್ಯಾರೊಲಿನ್ ಹಾಡುಗಾರ್ತಿ, ಆಮೇಲೆ ಧೂಮಕೇತುಗಳನ್ನು ಹುಡುಕಿ ಹೆಸರು ಮಾಡಿದವಳು. 1800ರಲ್ಲಿ ಕಣ್ಣಿಗೆ ಕಾಣದ ಅತಿಗೆಂಪು ಕಿರಣ ಇದೆ ಅಂತ ತೋರಿಸಿದ್ದೂ ಇದೇ ಸಂಗೀತಗಾರ. ಈಗಿನ ವೆಬ್ ದೂರದರ್ಶಕ ನೋಡೋದು ಹೆಚ್ಚಾಗಿ ಆ ಬೆಳಕನ್ನೇ.

ಇಲ್ಲಿಂದ 1977ಕ್ಕೆ ಹಾರೋಣ. ವಾಯೇಜರ್ ನೌಕೆಗಳ ಮೇಲೆ ಚಿನ್ನದ ಲೇಪದ ತಟ್ಟೆ ಕಟ್ಟಿ ಕಳಿಸಿದ ವಿಷಯ ನಿಮಗೆ ಗೊತ್ತೇ ಇದೆ. ಕಾರ್ಲ್ ಸೇಗನ್ ಮತ್ತು ಜೊತೆಯವರು ಮಾಡಿದ್ದು. ಅದರಲ್ಲಿ 55 ಭಾಷೆಗಳ ಶುಭಾಶಯ ಇದೆ, ಕನ್ನಡವೂ ಒಂದು. ಕನ್ನಡಿಗರ ಪರವಾಗಿ ನಮಸ್ತೆ ಹೇಳುವ ಒಂದು ಗಂಡುದನಿ ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಈಗಲೂ ಹೋಗ್ತಾನೇ ಇದೆ. ಗೋವಾದಲ್ಲಿ ಹುಟ್ಟಿ ಮುಂಬೈಯಲ್ಲಿ ಬಾಳಿದ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಅದರಲ್ಲಿದೆ. ವಾಯೇಜರ್ 1 ಹೊರಟಿದ್ದು ಸೆಪ್ಟೆಂಬರ್ 5ಕ್ಕೆ, ಅವರು ತೀರಿಕೊಂಡಿದ್ದು ಅದೇ ತಿಂಗಳ 16ಕ್ಕೆ.

ಅದೇ ತಟ್ಟೆಯಲ್ಲಿ ಕೆಪ್ಲರನೂ ಇದ್ದಾನೆ ಅನ್ನೋದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅವನ ಪುಸ್ತಕದ ಲೆಕ್ಕವನ್ನು ಲಾರಿ ಸ್ಪೀಗಲ್ ಅನ್ನೋ ಸಂಗೀತ ಸಂಯೋಜಕಿ ಕಂಪ್ಯೂಟರಿನಲ್ಲಿ ನುಡಿಸಿದರು. ಭೂಮಿಯ ಸದ್ದುಗಳ ಭಾಗ ಶುರುವಾಗೋದೇ ಅದರಿಂದ. ಬುದ್ಧಿಗೆ ಮಾತ್ರ ಕೇಳಿಸುತ್ತೆ ಅಂದಿದ್ದು 358 ವರ್ಷ ಆದಮೇಲೆ ಕಿವಿಗೂ ಬಿತ್ತು.

ಇನ್ನೊಂದು ಸಂಗತಿ ಇವತ್ತಿನ ಮಾತಿಗೆ ಇದಕ್ಕಿಂತ ಮುಖ್ಯ. ಆ ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿವೆ. ಗ್ರಾಮಫೋನ್ ತಟ್ಟೆಯಲ್ಲಿ ಚಿತ್ರ ಹೇಗೆ ಇಟ್ಟರು? ಸದ್ದಾಗಿ. ಚಿತ್ರವನ್ನು ಗೆರೆಗೆರೆಯಾಗಿ ಸೀಳಿ, ಒಂದೊಂದು ಗೆರೆಯ ಬೆಳಕು-ಕತ್ತಲನ್ನು ಅಲೆಯ ಏರಿಳಿತ ಮಾಡಿ, ಹಾಡಿನ ಹಾಗೇ ಗೀರಿದರು. ಸುಮ್ಮನೆ ಕೇಳಿದರೆ ಗರ್ರ್ ಅನ್ನೋ ಕರ್ಕಶ ಸದ್ದು. ಆದರೆ ಅದನ್ನು ಮತ್ತೆ ಚಿತ್ರ ಮಾಡುವ ವಿಧಾನವನ್ನು ತಟ್ಟೆಯ ಮುಚ್ಚಳದ ಮೇಲೆ ಗೀರಿ ತೋರಿಸಿದ್ದಾರೆ. ಮೊದಲನೇ ಚಿತ್ರ ಒಂದು ವೃತ್ತ. ಸರಿಯಾಗಿ ಬಿಡಿಸಿದರೆ ವೃತ್ತ ಬರುತ್ತೆ; ಮೊಟ್ಟೆಯ ಹಾಗೆ ಬಂದರೆ ಎಲ್ಲೋ ತಪ್ಪಿದೆ ಅಂತ ಅರ್ಥ. ನಮ್ಮ ಭಾಷೆ, ನಮ್ಮ ಗಣಿತ ಏನೂ ಗೊತ್ತಿಲ್ಲದವರಿಗೆ ಕಳಿಸುವಾಗ ನಿಯಮವನ್ನೂ ಜೊತೆಗೇ ಕಟ್ಟಿ ಕಳಿಸಿದರು. ಈ ಮುಚ್ಚಳವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಹಬಲ್. 1990ರ ಏಪ್ರಿಲ್ 24ರಂದು ಹಾರಿದ ಈ ದೂರದರ್ಶಕದ ಕನ್ನಡಿ ಅಂಚಿನಲ್ಲಿ ತಲೆಗೂದಲಿನ ಐವತ್ತರಲ್ಲಿ ಒಂದು ಭಾಗದಷ್ಟು ಹೆಚ್ಚು ಉಜ್ಜಿಹೋಗಿತ್ತು. ಚಿತ್ರಗಳು ಮಸುಕು. ಅಮೆರಿಕದ ಟಿವಿ ಹಾಸ್ಯಗಾರರಿಗೆ ಹಬ್ಬ. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ, ಒಂದು ಥರ ಕನ್ನಡಕ ಹಾಕಿ ಬಂದರು. ಮರ್ಯಾದೆ ಮರಳಿತು. ಆ ಮರ್ಯಾದೆ ಇನ್ನೂ ಹಸಿ ಇರುವಾಗಲೇ ರಾಬರ್ಟ್ ವಿಲಿಯಮ್ಸ್ ಒಂದು ಹುಚ್ಚು ಕೆಲಸಕ್ಕೆ ಕೈ ಹಾಕಿದರು. ಹಬಲ್ ನಡೆಸುವ ಸಂಸ್ಥೆಯ ನಿರ್ದೇಶಕರು ಅವರು. ನಿರ್ದೇಶಕರ ಇಷ್ಟಕ್ಕೆ ಅಂತ ದೂರದರ್ಶಕದ ಸ್ವಲ್ಪ ಸಮಯ ಮೀಸಲಿರುತ್ತೆ. ಅದನ್ನು ಅವರು ಏನೂ ಇಲ್ಲದ ಕಡೆ ನೋಡೋಕೆ ಬಳಸಿದರು.

ನಿಜವಾಗಿಯೂ ಏನೂ ಇಲ್ಲದ ಕಡೆ. ಸಪ್ತರ್ಷಿ ಮಂಡಲದ ಹತ್ತಿರ ಒಂದು ಕಪ್ಪು ಚುಕ್ಕೆ. ತೋಳು ಉದ್ದಕ್ಕೆ ಚಾಚಿ, ಬೆರಳ ತುದಿಯಲ್ಲಿ ಚಿರೋಟಿ ರವೆಯ ಒಂದು ಕಾಳು ಹಿಡಿದರೆ ಅದು ಆಕಾಶದಲ್ಲಿ ಎಷ್ಟು ಮರೆ ಮಾಡುತ್ತೋ, ಹೆಚ್ಚುಕಡಿಮೆ ಅಷ್ಟು ಜಾಗ. 1995ರ ಡಿಸೆಂಬರ್ 18ರಿಂದ 28ರವರೆಗೆ ಹತ್ತು ದಿನ, ಆ ಕಾಳಿನಷ್ಟು ಕತ್ತಲನ್ನೇ 342 ಸಲ ತೆಗೆದರು. ಹಬಲ್ ಕಟ್ಟಿಸೋಕೆ ವರ್ಷಗಟ್ಟಲೆ ಓಡಾಡಿದ್ದ ಜಾನ್ ಬಾಕಾಲ್ ಅಂಥ ದೊಡ್ಡವರಿಗೇ ಇದರಲ್ಲಿ ನಂಬಿಕೆ ಇರಲಿಲ್ಲ. ಖಾಲಿ ಚಿತ್ರ ಬಂದಿದ್ದರೆ ಹಾಸ್ಯಗಾರರು ಮತ್ತೆ ಕೂಗುತ್ತಿದ್ದರು, ಈ ಸಲ ಕಾರಣ ಇಟ್ಟುಕೊಂಡೇ. ಬಂದಿದ್ದು ಸುಮಾರು 3,000 ಗೆಲಾಕ್ಸಿ. ಒಂದೊಂದರಲ್ಲೂ ಕೋಟ್ಯಂತರ ನಕ್ಷತ್ರ. ಬೆಳಕು ಹೊರಟಾಗ ಭೂಮಿಯೇ ಹುಟ್ಟಿರಲಿಲ್ಲ, ಅಂಥವೂ ಅದರಲ್ಲಿ ಇದ್ದವು. 1996ರ ಜನವರಿಯಲ್ಲಿ ಚಿತ್ರವನ್ನು ಜಗತ್ತಿಗೆ ತೋರಿಸಿದರು.

ಇಂಥ ಚಿತ್ರ ನೋಡಿ ಏನು ಮಾಡಬೇಕು ಅಂತ ಮನುಷ್ಯನಿಗೆ ತೋಚೋದಿಲ್ಲ. ಅಂಕಿ ಹೇಳಿದರೆ ತಲೆ ಮರಗಟ್ಟುತ್ತೆ. ಎರಿಕ್ ವಿಟೇಕರ್ ಅನ್ನೋ ಅಮೆರಿಕದ ಸಂಯೋಜಕ ಇದಕ್ಕೆ ಆರ್ಕೆಸ್ಟ್ರಾ, ವೃಂದಗಾನ ಸೇರಿಸಿ ‘ಡೀಪ್ ಫೀಲ್ಡ್’ ಬರೆದರು, 2015ರಲ್ಲಿ ಅದು ವೇದಿಕೆಗೆ ಬಂತು, ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲೂ ನುಡಿಸಿದರು. ಸಭೆಯಲ್ಲಿ ‘ದಯವಿಟ್ಟು ಮೊಬೈಲ್ ಬಂದ್ ಮಾಡಿ’ ಅಂತ ಕೇಳಿ ಕೇಳಿ ಬೇಸತ್ತ ನಮಗೆ ಇದು ಖುಷಿ ಕೊಡೋ ವಿಷಯ: ಕೊನೆಯ ಭಾಗದಲ್ಲಿ ಕೇಳುಗರೇ ಫೋನ್ ತೆಗೆದು ಒಂದು ಆ್ಯಪ್ ಒತ್ತಬೇಕು, ಸಭಾಂಗಣದ ಮೂಲೆಮೂಲೆಯಿಂದ ಸಣ್ಣ ಸಣ್ಣ ದನಿಗಳು ಮಿನುಗುತ್ತವೆ. 2018ರಲ್ಲಿ ಅದೇ ಸಂಗೀತಕ್ಕೆ ಹಬಲ್ ಚಿತ್ರಗಳನ್ನು ಜೋಡಿಸಿ ಸಿನಿಮಾ ಮಾಡಿದರು. ಅದಕ್ಕೆ 120 ದೇಶಗಳ 8,000ಕ್ಕೂ ಹೆಚ್ಚು ಜನ ಮನೆಯಲ್ಲೇ ಕೂತು ಹಾಡಿ ಕಳಿಸಿದ ದನಿಗಳನ್ನು ಹೆಣೆದಿದ್ದಾರೆ. ಕೊರೊನಾ ಬರುವ ಮೊದಲೇ, ಅಂದ್ರೆ ಮನೆಯಿಂದ ಹಾಡಿ ಕಳಿಸೋದು ನಮಗೆಲ್ಲ ಅಭ್ಯಾಸ ಆಗುವ ಮೊದಲೇ ಮಾಡಿದ ಕೆಲಸ ಇದು.

ಇದಕ್ಕೂ ಮುಂಚೆ, 2002ರಲ್ಲಿ, ಟೆರಿ ರೈಲಿ ಅವರ ‘ಸನ್ ರಿಂಗ್ಸ್’ ಬಂದಿತ್ತು. ನಾಸಾದವರೇ ಬರೆಸಿದ್ದು, ನುಡಿಸಿದವರು ಕ್ರೋನೋಸ್ ಕ್ವಾರ್ಟೆಟ್. ವಾಯೇಜರ್‌ನಂಥ ನೌಕೆಗಳ ಉಪಕರಣ ಹಿಡಿದ ಪ್ಲಾಸ್ಮಾ ಅಲೆಗಳನ್ನು ಅಯೋವಾ ವಿಶ್ವವಿದ್ಯಾಲಯದ ಡಾನ್ ಗರ್ನೆಟ್ ದಶಕಗಟ್ಟಲೆ ಸದ್ದಾಗಿ ಸಂಗ್ರಹಿಸಿದ್ದರು. ಅವುಗಳ ಜೊತೆ ನಾಲ್ಕು ತಂತಿವಾದ್ಯ, ಹಿಂದೆ ಪರದೆಯ ಮೇಲೆ ಅಂತರಿಕ್ಷದ ಚಿತ್ರ. ಈ ಟೆರಿ ರೈಲಿ ಯಾರು ಗೊತ್ತಾ? 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾಗಿ ವರ್ಷಗಟ್ಟಲೆ ಗುರುವಿನ ಜೊತೆ ಕೂತು ಕಲಿತವರು. ಪ್ರಾಣನಾಥರದ್ದು ಕಿರಾಣಾ ಘರಾಣೆ, ನಮ್ಮ ಸವಾಯಿ ಗಂಧರ್ವರು, ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರದ್ದೇ ಘರಾಣೆ. ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿ ಬಂದವರಿಗೆ ಆ ನಿಧಾನದ, ಒಂದೊಂದೇ ಸ್ವರಕ್ಕೆ ಜೀವ ಕೊಡುವ ಆಲಾಪ ಗೊತ್ತು.

ಈ ಎರಡೂ ಕೃತಿ ನನಗೆ ಇಷ್ಟ. ಆದರೂ ಒಂದು ಮಾತು ಹೇಳಲೇಬೇಕು. ವಿಟೇಕರ್ ಸಿನಿಮಾದಲ್ಲಿ ಸಂಗೀತ ಚಿತ್ರಕ್ಕೆ ಪಕ್ಕವಾದ್ಯ. ಚಿತ್ರ ಭವ್ಯ, ಸಂಗೀತವೂ ಭವ್ಯ, ಎರಡೂ ಸೇರಿ ಕಣ್ಣಲ್ಲಿ ನೀರು ತರಿಸುತ್ತವೆ. ಆದರೆ ಆ ಸಂಗೀತ ತೆಗೆದು ಬೇರೆ ಯಾವುದೋ ಸಂಗೀತ ಹಾಕಿದರೆ ಆ 3,000 ಗೆಲಾಕ್ಸಿ ತಕರಾರು ಮಾಡೋದಿಲ್ಲ. ಒಂದು ಸ್ವರವೂ ಅವುಗಳಿಂದ ಬಂದದ್ದಲ್ಲ. ಇನ್ನೊಂದು ದಾರಿ ಇದೆ, ಕೆಪ್ಲರನದ್ದು, ವಾಯೇಜರ್ ಮುಚ್ಚಳದ್ದು. ಆಕಾಶದ ಅಳತೆಯನ್ನೇ ಒಂದು ನಿಯಮದ ಪ್ರಕಾರ ಸ್ವರ ಮಾಡೋದು. ಅದು ಅನುವಾದ. ಅಂದ ಕಡಿಮೆ ಇರಬಹುದು, ಆದರೆ ಹಿಂದಕ್ಕೆ ಬಿಡಿಸಿದರೆ ಚಿತ್ರ ಸಿಗಬೇಕು.

‘ಚಿತ್ರ ನಿಜ, ಸದ್ದು ಸುಳ್ಳು’ ಅನ್ನುವವರಿಗೆ ಇಲ್ಲೇ ಉತ್ತರ ಕೊಡ್ತೀನಿ. ಹಬಲ್‌ನ ಅತಿ ಪ್ರಸಿದ್ಧ ಚಿತ್ರ 1995ರ ‘ಸೃಷ್ಟಿಯ ಕಂಬಗಳು’, ಎಷ್ಟೋ ಮನೆಯ ಕಂಪ್ಯೂಟರಿನಲ್ಲಿ ಹಿನ್ನೆಲೆಯಾಗಿ ಕೂತಿದ್ದು. ಅದರ ಬಣ್ಣ ನಮ್ಮ ಕಣ್ಣಿಗೆ ಕಾಣುವ ಬಣ್ಣ ಅಲ್ಲ. ಗಂಧಕದ ಬೆಳಕಿಗೆ ಕೆಂಪು, ಜಲಜನಕದ ಬೆಳಕಿಗೆ ಹಸಿರು, ಆಮ್ಲಜನಕದ ಬೆಳಕಿಗೆ ನೀಲಿ ಅಂತ ಖಗೋಳಜ್ಞರು ಹಂಚಿದ್ದು. ಕಣ್ಣಿಗಾದರೆ ಗಂಧಕವೂ ಕೆಂಪು, ಜಲಜನಕವೂ ಕೆಂಪು, ಎರಡನ್ನೂ ಬೇರೆ ಮಾಡಿ ತೋರಿಸೋಕೆ ಬೇರೆ ಬಣ್ಣ ಕೊಟ್ಟರು. ಅದು ಮೋಸ ಅಲ್ಲ, ಯಾಕಂದ್ರೆ ನಿಯಮ ಹೇಳಿಯೇ ಮಾಡಿದ್ದು. ಎಕ್ಸ್-ರೇ ದೂರದರ್ಶಕದ ವಿಷಯವಂತೂ ಕೇಳಲೇಬೇಡಿ. ಅಲ್ಲಿ ಮೊದಲು ಸಿಗೋದು ಒಂದು ಪಟ್ಟಿ: ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಇಷ್ಟು ಶಕ್ತಿಯ ಒಂದು ಕಣ ಬಂತು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ. ಚಿತ್ರ ಮಾಡಿದರೂ ಅನುವಾದವೇ, ಸದ್ದು ಮಾಡಿದರೂ ಅನುವಾದವೇ.

ಆ ಎಕ್ಸ್-ರೇ ದೂರದರ್ಶಕದ ಹೆಸರು ಚಂದ್ರಾ. 1999ರ ಜುಲೈ 23ರಂದು ಕೊಲಂಬಿಯಾ ನೌಕೆಯಲ್ಲಿ ಹೋಯ್ತು. ಹೆಸರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ, 1983ರ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದ್ದು. ಚೆನ್ನೈನ ಕೇಳುಗರು ಇಲ್ಲಿ ಸ್ವಲ್ಪ ಎದೆ ಉಬ್ಬಿಸಬಹುದು. ಈ ಮನೆತನದಲ್ಲಿ ವಿಜ್ಞಾನ ಎಷ್ಟಿತ್ತೋ ಸಂಗೀತವೂ ಅಷ್ಟೇ ಇತ್ತು. ತಂದೆ ಸಿ. ಸುಬ್ರಹ್ಮಣ್ಯ ಅಯ್ಯರ್ ರೈಲ್ವೆ ಲೆಕ್ಕಪತ್ರದ ದೊಡ್ಡ ಅಧಿಕಾರಿ, ಪಿಟೀಲು ನುಡಿಸುತ್ತಿದ್ದವರು, ಕರ್ನಾಟಕ ಸಂಗೀತದ ವ್ಯಾಕರಣದ ಮೇಲೆ ಪುಸ್ತಕ ಬರೆದವರು. ತಂಗಿ ವಿದ್ಯಾ ಶಂಕರ್ ಹೆಸರಾಂತ ವೈಣಿಕರು. ಚಿಕ್ಕಪ್ಪ ಸಿ.ವಿ. ರಾಮನ್.

ರಾಮನ್ ಅಂದ ಕೂಡಲೇ ನಮಗೆ ಬೆಳಕು ನೆನಪಾಗುತ್ತೆ. ಆದರೆ ಅವರ ಮೊದಲ ಪ್ರೀತಿಗಳಲ್ಲಿ ಸದ್ದೂ ಒಂದು. ಪಿಟೀಲು, ವೀಣೆ, ತಂಬೂರಿ, ಮೃದಂಗ ಎಲ್ಲದರ ಮೇಲೂ ಕೆಲಸ ಮಾಡಿದ್ದಾರೆ. ಚರ್ಮವಾದ್ಯ ಸಾಮಾನ್ಯವಾಗಿ ಗದ್ದಲದ್ದು, ಅದರ ಕಂಪನಗಳು ಒಂದಕ್ಕೊಂದು ಹೊಂದೋದಿಲ್ಲ. ಮೃದಂಗ, ತಬಲಾ ಮಾತ್ರ ಶ್ರುತಿಗೆ ಕೂರುತ್ತವೆ. ಯಾಕೆ? ನಡುವೆ ಹಾಕುವ ಕಪ್ಪು ಲೇಪದಿಂದ ಅಂತ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 1934ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, ಇದನ್ನೇ ವಿಸ್ತಾರವಾಗಿ ತೋರಿಸಿದರು. ಹೇಗೆ ತೋರಿಸಿದರು ಅನ್ನೋದು ಚಂದ. ಮೃದಂಗದ ಚರ್ಮದ ಮೇಲೆ ನಯವಾದ ಮರಳು ಉದುರಿಸಿ ಬಾರಿಸಿದರು. ಚರ್ಮ ಅಲುಗದ ಗೆರೆಗಳಲ್ಲಿ ಮರಳು ಸಾಲುಗಟ್ಟಿ ನಿಂತಿತು, ಹೆಚ್ಚುಕಡಿಮೆ ನಮ್ಮ ಅಂಗಳದ ರಂಗೋಲಿ ಗೆರೆಯ ಹಾಗೆ. ಅದರ ಫೋಟೋ ತೆಗೆದರು. ಅಂದರೆ ಚಿಕ್ಕಪ್ಪ ಸದ್ದನ್ನು ಚಿತ್ರ ಮಾಡಿದರು. ಅಣ್ಣನ ಮಗನ ಹೆಸರಿನ ದೂರದರ್ಶಕದ ಚಿತ್ರವನ್ನು ಈಗ ಸದ್ದು ಮಾಡುತ್ತಿದ್ದಾರೆ. ಒಂದರಿಂದ ಇನ್ನೊಂದು ಹುಟ್ಟಿತು ಅಂತ ನಾನು ಹೇಳ್ತಿಲ್ಲ. ಆದರೆ ಈ ಎರಡು ಕೆಲಸ ಪಕ್ಕಪಕ್ಕ ಇಟ್ಟು ನೋಡೋದು ನನಗೆ ಇಷ್ಟ.

2020ರಲ್ಲಿ ಚಂದ್ರಾ ಕೇಂದ್ರದ ಕಿಂಬರ್ಲಿ ಆರ್ಕಂಡ್, ಟೊರಾಂಟೊದ ಖಗೋಳಜ್ಞ-ಸಂಗೀತಗಾರ ಮ್ಯಾಟ್ ರೂಸೊ, ಅವರ ಗೆಳೆಯ ಸಂಗೀತಗಾರ ಆ್ಯಂಡ್ರೂ ಸಾಂತಗೀಡಾ ಸೇರಿ ಶುರು ಮಾಡಿದ ಕೆಲಸ ಇದು. ಮೊದಲನೆಯದರಲ್ಲಿ ಒಂದು ನಮ್ಮ ಕ್ಷೀರಪಥದ ನಡುಭಾಗ, ಸುಮಾರು 400 ಜ್ಯೋತಿರ್ವರ್ಷ ಅಗಲದ ಚಿತ್ರ. ನಿಯಮ ಸರಳ. ಒಂದು ಗೆರೆ ಎಡದಿಂದ ಬಲಕ್ಕೆ ಸರಿಯುತ್ತೆ. ಚಿತ್ರದಲ್ಲಿ ಮೇಲಿದ್ದದ್ದು ಮೇಲಿನ ಸ್ವರ, ಕೆಳಗಿದ್ದದ್ದು ಕೆಳಗಿನ ಸ್ವರ. ಹೊಳಪು ಹೆಚ್ಚಿದ್ದರೆ ಸದ್ದು ಜೋರು. ನಕ್ಷತ್ರಗಳಂಥ ಚುಕ್ಕೆಗಳು ಬಿಡಿ ಬಿಡಿ ಸ್ವರ; ಹರಡಿಕೊಂಡ ಅನಿಲ, ಧೂಳಿನ ಮೋಡಗಳು ಹಿಂದೆ ಎಳೆದು ನಿಲ್ಲುವ ಒಂದೇ ನಾದ. ತಂಬೂರಿ ಶ್ರುತಿ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಈಗ ಮತ್ತೆ ಪರ್ಸಿಯಸ್‌ಗೆ ಬರೋಣ, ಯಾಕಂದ್ರೆ ಅದು ಉಳಿದವುಗಳಿಂದ ಬೇರೆ. 25 ಕೋಟಿ ಜ್ಯೋತಿರ್ವರ್ಷ ದೂರ. ಗುಂಪಿನೊಳಗೆ ಗೆಲಾಕ್ಸಿಗಳ ನಡುವಿನ ಜಾಗ ಪೂರ್ತಿ ಖಾಲಿ ಅಲ್ಲ, ಬಿಸಿ ಅನಿಲ ತುಂಬಿಕೊಂಡಿದೆ. ತೀರಾ ತೆಳು, ಆದರೆ ಇದೆ. ಮಾಧ್ಯಮ ಇದ್ದ ಮೇಲೆ ಒತ್ತಡದ ಅಲೆ ಹೋಗಬಹುದು, ಒತ್ತಡದ ಅಲೆ ಅಂದ್ರೇನೇ ಸದ್ದು. ಕೇಂಬ್ರಿಜ್‌ನ ಆ್ಯಂಡ್ರೂ ಫೇಬಿಯನ್ ಮತ್ತು ಜೊತೆಯವರು ಚಂದ್ರಾ ಚಿತ್ರದಲ್ಲಿ ಆ ಅಲೆಗಳನ್ನು ಕಂಡು 2003ರಲ್ಲಿ ಪ್ರಕಟಿಸಿದರು. ಕೊಳಕ್ಕೆ ಕಲ್ಲು ಎಸೆದರೆ ಏಳುವ ಉಂಗುರಗಳ ಹಾಗೆ. ಕಪ್ಪುಕುಳಿಯ ಸುತ್ತಲಿಂದ ಚಿಮ್ಮುವ ಧಾರೆ ಅನಿಲವನ್ನು ತಳ್ಳುತ್ತೆ, ಅಲೆ ಏಳುತ್ತೆ. ಒಂದು ಅಲೆಯಾದ ಮೇಲೆ ಇನ್ನೊಂದು ಬರೋಕೆ ಸುಮಾರು ಒಂದು ಕೋಟಿ ವರ್ಷ.

ಸ್ವರದ ಲೆಕ್ಕದಲ್ಲಿ ಅದು ಪಿಯಾನೋದ ನಡುವಿನ ಸ್ಥಾಯಿಗಿಂತ 57 ಸ್ಥಾಯಿ ಕೆಳಗಿನ ಬಿ ಫ್ಲ್ಯಾಟ್. ನಮ್ಮ ಹಾರ್ಮೋನಿಯಂಗೆ ಇರೋದು ಮೂರು, ಮೂರೂವರೆ ಸ್ಥಾಯಿ. ಪಿಯಾನೋಗೆ ಏಳು ಚಿಲ್ಲರೆ. ಈ ಸ್ವರ ನುಡಿಸಬೇಕಾದರೆ ಪಿಯಾನೋದ ಮನೆಗಳನ್ನು ನಡುವಿನಿಂದ ಎಡಕ್ಕೆ ಒಂಬತ್ತು ಮೀಟರಿಗೂ ಹೆಚ್ಚು ಉದ್ದ ಬೆಳೆಸಬೇಕು, ಗೋಡೆ ಒಡೆದು ಪಕ್ಕದ ಫ್ಲ್ಯಾಟಿಗೆ ಹೋಗುತ್ತೆ. ನಮ್ಮ ಕಿವಿಗೆ ಕೇಳಿಸಲಿ ಅಂತ ರೂಸೊ ತಂಡದವರು ಅದನ್ನು 57 ಮತ್ತು 58 ಸ್ಥಾಯಿ ಮೇಲಕ್ಕೆತ್ತಿದರು. ಒಂದು ಸ್ಥಾಯಿ ಎತ್ತಿದರೆ ಕಂಪನ ಎರಡರಷ್ಟು. 57 ಸಲ ಎರಡರಿಂದ ಗುಣಿಸಿದರೆ ಸುಮಾರು 1 ಲಕ್ಷ 44 ಸಾವಿರ ಲಕ್ಷ ಕೋಟಿ ಪಟ್ಟು.

ಹಾಗಾಗಿ ನಮ್ಮ ಗುಂಪಿನ ಇಬ್ಬರಿಗೂ ಹೇಳೋದು ಇಷ್ಟು. ಅಲೆ ನಿಜ, ಅಳತೆ ನಿಜ. ಮೈಕ್ ಇಟ್ಟು ಹಿಡಿದದ್ದಲ್ಲ, ಚಿತ್ರದಲ್ಲಿದ್ದ ಉಂಗುರಗಳಿಂದ ಮತ್ತೆ ಕಟ್ಟಿದ್ದು. ಅಲ್ಲಿ ನಿಂತರೆ ನಿಮಗೆ ಏನೂ ಕೇಳಿಸೋದಿಲ್ಲ. ಆ ನರಳಾಟ, ಆ ಭಯ ನಮ್ಮ ಕಿವಿಯದ್ದು. ನಾಸಾದವರು ಈ ವಿವರವನ್ನೆಲ್ಲ ಮೂರು ತಿಂಗಳ ಮುಂಚೆ, ಮೇ ತಿಂಗಳಲ್ಲೇ, ಚೆನ್ನಾಗಿ ಬರೆದಿದ್ದರು. ಆದರೆ ಫಾರ್ವರ್ಡ್ ಆಗಿದ್ದು ತುಣುಕು ಮಾತ್ರ, ಮುಚ್ಚಳ ಮನೆಯಲ್ಲೇ ಉಳಿಯಿತು.

ಮುಚ್ಚಳ ಬಿದ್ದುಹೋದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮದೇ ಉದಾಹರಣೆ ಇದೆ. 2020ರ ಜನವರಿಯಲ್ಲಿ, ಸೂರ್ಯನ ಸದ್ದು ನಾಸಾ ಹಿಡಿದಿದೆ, ಅದು ಓಂ ಅನ್ನುತ್ತೆ ಅನ್ನೋ ವಿಡಿಯೋ ದೇಶವೆಲ್ಲ ಓಡಾಡಿತು. ದೊಡ್ಡ ಹುದ್ದೆಯಲ್ಲಿ ಇದ್ದವರೂ ಹಂಚಿದರು. ವಿಡಿಯೋ ಸುಳ್ಳು. ಬೇಜಾರಿನ ವಿಷಯ ಏನಂದ್ರೆ ನಿಜ ಅದಕ್ಕಿಂತ ಚೆನ್ನಾಗಿದೆ. ಸೂರ್ಯನ ಮೈ ನಿಜಕ್ಕೂ ಮಿಡಿಯುತ್ತೆ, ಸುಮಾರು ಐದು ನಿಮಿಷಕ್ಕೊಂದು ಸಲ ಮೇಲೆ ಕೆಳಗೆ, ಒಳಗೆ ಓಡಾಡುವ ಸದ್ದಿನ ಅಲೆಗಳಿಂದ. 1960ರ ದಶಕದ ಆರಂಭದಿಂದಲೇ ಗೊತ್ತು. ಸೋಹೊ ನೌಕೆಯ 40 ದಿನದ ಅಳತೆಯನ್ನು ಸ್ಟ್ಯಾನ್‌ಫರ್ಡ್‌ನ ಅಲೆಕ್ಸಾಂಡರ್ ಕೊಸೊವಿಚೆವ್ 42,000 ಪಟ್ಟು ಬೇಗ ಓಡಿಸಿ ಕೇಳಿಸಿದರು, ಗುಂಯ್ ಅನ್ನೋ ನಾದ ಬರುತ್ತೆ. ಈ ಮಿಡಿತ ಓದಿಯೇ ಸೂರ್ಯನ ಹೊಟ್ಟೆಯೊಳಗೆ ಏನಿದೆ, ಒಳಗಿನ ಪದರ ಎಷ್ಟು ಬೇಗ ತಿರುಗುತ್ತೆ ಅಂತ ಲೆಕ್ಕ ಹಾಕ್ತಾರೆ. ಮೃದಂಗದ ದನಿ ಕೇಳಿ ಒಳಗಿನ ಲೇಪದ ಬಗ್ಗೆ ಹೇಳಿದ ಹಾಗೆ. ಇಷ್ಟೆಲ್ಲ ಇರುವಾಗ ನಾವು ಅದಕ್ಕೊಂದು ಅಕ್ಷರ ಅಂಟಿಸಿ ತೃಪ್ತಿಪಟ್ಟುಕೊಂಡೆವು.

ಅನುವಾದ ಪ್ರಾಮಾಣಿಕವಾಗಿರಬೇಕು ಅಂತ ನಾನು ಹಟ ಹಿಡಿಯೋಕೆ ಬರೀ ವಾದದ ಹುಮ್ಮಸ್ಸು ಕಾರಣ ಅಲ್ಲ. ಈ ಸದ್ದುಗಳನ್ನು ನಂಬಿ ಕೂತವರಿದ್ದಾರೆ. ವಾಂಡಾ ದಿಯಾಸ್ ಮೆರ್ಸೆದ್ ಪೋರ್ಟೊ ರಿಕೊದವರು, ಓದುವ ವಯಸ್ಸಿನಲ್ಲೇ ಕಾಯಿಲೆಯಿಂದ ದೃಷ್ಟಿ ಹೋಯ್ತು. ಖಗೋಳಶಾಸ್ತ್ರ ಅಂದ್ರೆ ಗ್ರಾಫ್, ಚಿತ್ರ. ಬಿಟ್ಟುಬಿಡಿ ಅನ್ನೋದು ಸುಲಭ ಇತ್ತು. ಅವರು ದತ್ತಾಂಶವನ್ನು ಸದ್ದು ಮಾಡಿಕೊಂಡು ಕೆಲಸ ಮುಂದುವರಿಸಿದರು, ಗ್ಲಾಸ್ಗೋದಲ್ಲಿ ಪಿಎಚ್‌ಡಿ ಮಾಡಿದರು. ಗದ್ದಲದೊಳಗೆ ಹುದುಗಿದ ಸಣ್ಣ ಗುರುತನ್ನು ಹಿಡಿಯೋಕೆ ಕಣ್ಣಿದ್ದವರಿಗೂ ಕಿವಿಯ ಸಹಾಯ ಆಗುತ್ತಾ ಅಂತ ಪರೀಕ್ಷಿಸಿದ್ದೂ ಅವರೇ. 2022ರ ಆಗಸ್ಟ್ ಕೊನೆಯಲ್ಲಿ ವೆಬ್ ದೂರದರ್ಶಕದ ಮೊದಲ ಚಿತ್ರಗಳನ್ನು ಸದ್ದು ಮಾಡಿದಾಗ, ಅಂಧರಾದ ಕ್ರಿಸ್ಟೀನ್ ಮಾಲೆಕ್ ಅವರು ತಂಡದ ಜೊತೆ ಕೂತು ಸಲಹೆ ಕೊಟ್ಟರು.

ಅದರಲ್ಲಿ ಒಂದು, ವಾಸ್ಪ್-96ಬಿ ಅನ್ನೋ ದೂರದ ಗ್ರಹದ ವಾತಾವರಣದ ಗ್ರಾಫ್. ಎಲ್ಲಿ ನೀರಿನ ಗುರುತಿದೆಯೋ ಅಲ್ಲಿ ನೀರಿನ ಹನಿ ತೊಟ್ಟಿಕ್ಕುವ ಸದ್ದು ಇಟ್ಟಿದ್ದಾರೆ. ನನಗೆ ಅದು ಸ್ವಲ್ಪ ನಾಟಕ ಅನ್ನಿಸುತ್ತೆ. ಕಣ್ಣಿದ್ದವರಿಗೆ ನಾಲ್ಕು ಬಾಣದ ಗುರುತು ಹಾಕಿ ‘ನೀರು’ ಅಂತ ಬರೆದ ಹಾಗೆಯೇ ಇದೂ ಅಂತ ಯಾರಾದರೂ ಅಂದರೆ, ನನ್ನ ಹತ್ತಿರ ಅದಕ್ಕೆ ಎದುರು ಮಾತಿಲ್ಲ.

ಕಣ್ಣಿಲ್ಲದವರಿಗೆ ಕೇಳಿಸುವ ಸದ್ದು ಅಲಂಕಾರ ಅಲ್ಲ, ಅದೇ ಅವರ ಚಿತ್ರ. ಅದರಲ್ಲಿ ನಮ್ಮ ಖುಷಿಗೆ ಒಂದು ಸ್ವರ ಸೇರಿಸಿದರೆ ಇಲ್ಲದ ನಕ್ಷತ್ರವನ್ನು ಆಕಾಶಕ್ಕೆ ಅಂಟಿಸಿದ ಹಾಗೆ. ಹಾಗಾದ್ರೆ ಸಂಯೋಜಕರಿಗೆ ಇಲ್ಲಿ ಜಾಗವೇ ಇಲ್ಲವಾ? ಇದೆ. 2023ರಲ್ಲಿ ಸೋಫಿ ಕಾಸ್ಟ್‌ನರ್ ಅನ್ನೋ ಕೆನಡಾದ ಸಂಯೋಜಕಿ ಅದೇ ಕ್ಷೀರಪಥದ ನಡುಭಾಗವನ್ನು ತೆಗೆದುಕೊಂಡು, ಮನುಷ್ಯರು ವಾದ್ಯಗಳಲ್ಲಿ ನುಡಿಸುವ ಹಾಗೆ ಬರೆದರು. ಇದು ದತ್ತಾಂಶದ ಪಡಿಯಚ್ಚಲ್ಲ, ಚಿತ್ರದಿಂದ ಕೆಲವು ತುಣುಕು ಆರಿಸಿ ಅವುಗಳ ಮೇಲೆ ಕಟ್ಟಿದ ಕೃತಿ ಅಂತ ಅವರು ಮೊದಲೇ ಹೇಳಿಬಿಟ್ಟಿದ್ದಾರೆ. ಸ್ವರಲಿಪಿಯನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದ್ದಾರೆ, ಬೇಕಾದವರು ಇಳಿಸಿಕೊಂಡು ನುಡಿಸಬಹುದು. ನಮ್ಮಲ್ಲಿ ವೀಣೆ, ಪಿಟೀಲು ಕಲಿತವರು ಎಷ್ಟೊಂದು ಜನ ಇದ್ದೀರಿ, ಒಮ್ಮೆ ನೋಡಿ.

ಅದಕ್ಕೂ ಮೊದಲು 2020ರ ಮೂಲ ಅನುವಾದವನ್ನು ಕೇಳಿ. ಚಂದ್ರಾ ತಾಣದಲ್ಲಿ ಸಿಗುತ್ತೆ. ಎಕ್ಸ್-ರೇ ಒಂದೇ, ಹಬಲ್ ಒಂದೇ, ಅತಿಗೆಂಪಿನ ಸ್ಪಿಟ್ಜರ್ ಒಂದೇ ಅಂತ ಬೇರೆ ಬೇರೆಯಾಗಿಯೂ, ಮೂರೂ ಸೇರಿ ಮೇಳವಾಗಿಯೂ ಇದೆ. ಮೊದಲ ಸಲ ಪರದೆ ನೋಡಬೇಡಿ. ಎಡದಲ್ಲಿ ಬಿಡಿ ಸ್ವರಗಳು ಚೆಲ್ಲಿಕೊಂಡು ಬರುತ್ತವೆ, ಹಿಂದೆ ಶ್ರುತಿ ಸಣ್ಣಗೆ ಅಲುಗುತ್ತಾ ಇರುತ್ತೆ. ಮುಗಿಯುವ ಹೊತ್ತಿಗೆ ಸದ್ದು ದಟ್ಟವಾಗಿ ಏರುತ್ತೆ. ಚಿತ್ರದಲ್ಲಿ ಅದು ಬಲಗಡೆ ಕೆಳಭಾಗ, ಇಲ್ಲಿಂದ ಸುಮಾರು 26,000 ಜ್ಯೋತಿರ್ವರ್ಷ. ಸೂರ್ಯನ 40 ಲಕ್ಷ ಪಟ್ಟು ತೂಕದ ಕಪ್ಪುಕುಳಿ ಕೂತಿರೋದು ಅಲ್ಲಿ.